ನೀಲಮ್ಮನ ಎರಡು ಮೂಗು

ಯಾರನ್ನೂ ನಂಬದಿರುವುದರಲ್ಲಿ ನಮ್ಮ ಮನೆಯವರು ಚೆನ್ನಾಗಿ ಪಳಗಿದವರು. ಅವ್ವ ಕಣ್ಣೆದುರಿಗೇ ಕರೆದ ಹಾಲಿಗೂ ಬೆರಳದ್ದಿ ನೋಡುವವಳು. ನಾನು ಕೊಪ್ಪಳದ ಸಾಲಿಯ ಮಾಸ್ತರ. ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡಿಯೇ ಸಾಲಿ ಕಡೆ ನಡೆಯುವವನು. ಇಂಥ ಮನೆಗೆ ಲಡಾಯಿಯ, ಅಂದರೆ ಎರಡನೆಯ ಮಹಾಯುದ್ಧದ, ಕಾಲದಲ್ಲಿ ಒಂದು ದೊಡ್ಡ ಕ್ಯಾಮರಾ ಬಂದು ಸೇರಿತು. ಹೈದರಾಬಾದಿನ ಪತ್ರಿಕೆಯೊಂದರಲ್ಲಿ ಚಿತ್ರ ತೆಗೆಯುತ್ತಿದ್ದ ನನ್ನ ಸೋದರಮಾವ ಕೆಲಸ ಬಿಟ್ಟಾಗ ನನಗೆ ಕೊಟ್ಟದ್ದು. ಕೈಯಲ್ಲೇ ಹಿಡಿದು ತೆಗೆಯಬಹುದು ಎಂದು ಮಾವ ಹೇಳಿದ್ದ. ಅವನ ಕೈ ಎಂಥದ್ದೋ ಕಾಣೆ; ನನಗದು ಹಾರ್ಮೋನಿಯಂ ಪೆಟ್ಟಿಗೆಯನ್ನು ಮೂಗಿಗೆ ಆನಿಸಿಕೊಂಡು ನಿಂತಂತೆ ಆಗುತ್ತಿತ್ತು. ಅದರ ಪಕ್ಕಕ್ಕೆ ದೂರ ಅಳೆಯುವ ಒಂದು ಕಿಂಡಿ. ಅದರೊಳಗೆ ನೋಡಿದರೆ ಎದುರಿನವರು ಇಬ್ಬಿಬ್ಬರಾಗಿ ಕಾಣುತ್ತಾರೆ. ಪಕ್ಕದ ತಿರುಪು ತಿರುಗಿಸಿ ಇಬ್ಬರನ್ನೂ ಒಬ್ಬರಾಗಿಸಿದರೆ ಚಿತ್ರ ಸ್ಪಷ್ಟ ಬಂತೆಂದೇ ಲೆಕ್ಕ. ಫಿಲಂ ಒಂದೊಂದೇ ಹಾಳೆ, ಅಂಗೈಗಿಂತ ದೊಡ್ಡದು. ಲಡಾಯಿಯಿಂದಾಗಿ ಅದು ಎಲ್ಲೂ ಸಿಗುತ್ತಿರಲಿಲ್ಲ. ನನ್ನ ಹತ್ತಿರ ಒಂದೇ ಹಾಳೆ ಉಳಿದಿತ್ತು.

ಆ ಒಂದು ಹಾಳೆಯ ಮೇಲೆ ಅವ್ವನ ಕಣ್ಣು ಬಿತ್ತು. ನನ್ನ ತಮ್ಮ ಶಿವಪ್ಪನಿಗೆ ಯಲಬುರ್ಗಿಯ ಬಟ್ಟೆ-ಅರಿವಿ ಅಂಗಡಿಯವರ ಮಗಳು ನೀಲಮ್ಮನನ್ನು ಕೇಳಿದ್ದೆವು. ಎಲ್ಲ ಸರಿಹೋಗಿತ್ತು. ಅಷ್ಟರಲ್ಲಿ ಹುಡುಗಿಗೆ ಮೆಳ್ಳಗಣ್ಣು ಎಂದು ಯಾರೋ ಸಂತೆಯಲ್ಲಿ ಅವ್ವನ ಕಿವಿಗೆ ಊದಿದರು.

"ಹೋಗಿ ನೋಡಿ ಬ್ಯಾಡ ಅಂದ್ರ ಹುಡುಗಿ ಹೆಸರು ಕೆಡತೈತಿ. ನೀ ಹೋಗಿ ಫೋಟೋ ತೊಗೊಂಡು ಬಾ," ಎಂದಳು ಅವ್ವ.

"ನಾನ ನೋಡಿ ಬಂದು ಹೇಳ್ತೀನಲ್ಲ ಬೇ."

"ನೀ ಹೇಳೂದು ಬ್ಯಾಡಪಾ. ನಿನಗ ಹೆಣ್ಣು ನೋಡಾಕ ಹೋದಾಗ ನೀ ಏನು ನೋಡಿದಿ ನನಗ ಗೊತ್ತೈತಿ."

ಒಳಗೆ ನನ್ನ ಹೆಂಡತಿ ತಾಟೊಂದನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ದಾರಿಯುದ್ದಕ್ಕೂ ಕೆಮ್ಮುತ್ತ, ಕ್ಯಾಮರಾವನ್ನು ನನ್ನ ತೊಡೆಯ ಮೇಲೆ ಕುಟ್ಟುತ್ತ, ಯಲಬುರ್ಗಿ ಮುಟ್ಟಿಸಿತು. ನೀಲಮ್ಮನನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಅವಳ ಪಕ್ಕದಲ್ಲಿ ಅಜ್ಜಿ, ಕಾವಲಿಗೆ. ನಾನು ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕಿಂಡಿಗಿಟ್ಟೆ. ನೀಲಮ್ಮನಿಗೆ ಎರಡು ಮೂಗು ಕಂಡವು. ತಿರುಪು ತಿರುಗಿಸಿದೆ. ಅವು ಹತ್ತಿರ ಬಂದವು, ಒಂದಾಗಲಿಲ್ಲ. ಒಂದು ಮೇಲೆ, ಒಂದು ಕೆಳಗೆ. ಕಣ್ಣುಗಳ ಪಾಡೂ ಅದೇ. ಮತ್ತೆ ತಿರುಗಿಸಿದೆ, ಮತ್ತೆ ಅಷ್ಟೇ. ಸಂತೆಯ ಮಾತು ನಿಜವೇ ಇರಬೇಕು, ಯಂತ್ರ ಯಾಕೆ ಸುಳ್ಳು ಹೇಳೀತು ಎಂದು ನನ್ನ ಮನಸ್ಸು ಹೊಯ್ದಾಡಿತು. ತಮ್ಮನ ಮುಖ ನೆನಪಾಗಿ ಸಂಕಟವೂ ಆಯಿತು.

"ಎಷ್ಟೊತ್ತು ನೋಡ್ತಾನಿಂವ," ಎಂದು ಅಜ್ಜಿ ತನ್ನ ಮಗ, ನೀಲಮ್ಮನ ಅಪ್ಪನನ್ನು ಕೇಳಿದಳು.

ನೀಲಮ್ಮನೇ ಬಾಯಿ ಬಿಟ್ಟಳು. "ಮಾಸ್ತರ್ರ, ಏನಾಗೇತ್ರಿ?"

"ಎರಡೆರಡು ಕಾಣ್ತೈತ್ರಿ. ಒಂದಾಗವಲ್ದು."

"ನನ್ನ ಬಿಟ್ಟು ಆ ಬಾಗಲದ ಚಿಲಕ ನೋಡ್ರಿ."

ನೋಡಿದೆ. ಚಿಲಕವೂ ಎರಡಾಗಿತ್ತು, ಒಂದು ಮೇಲೆ, ಒಂದು ಕೆಳಗೆ. ಬಸ್ಸು ಕುಟ್ಟಿದ ಕುಟ್ಟಿಗೆ ಕಿಂಡಿಯೇ ಓರೆಯಾಗಿದೆ ಎಂದು ಆಗ ನನ್ನ ತಲೆಗೆ ಹೊಳೆಯಿತು. ಇನ್ನು ದೂರವನ್ನು ಅಳತೆ ಮಾಡಿಯೇ ಕ್ಯಾಮರಾದ ಪಟ್ಟಿಯ ಮೇಲಿನ ಅಡಿಗಳ ಗುರುತಿಗೆ ಮಸೂರವನ್ನು ಹೊಂದಿಸಬೇಕು. ನೀಲಮ್ಮನ ಅಪ್ಪ ಅಂಗಡಿಯ ಗಜಕಡ್ಡಿ ತಂದು ನನ್ನ ಕ್ಯಾಮರಾದಿಂದ ಮಗಳ ಮೂಗಿನವರೆಗೆ ಇಟ್ಟಿಟ್ಟು ಅಳೆದ.

"ಹುಡುಗೀನ ಗಜದಾಗ ಅಳ್ಯಾಕ ಇದೇನು ಧೋತರದ ಅರಿವೀನ?" ಎಂದಳು ಅಜ್ಜಿ. ಆ ಮಾತಿಗೆ ನೀಲಮ್ಮ ನನ್ನನ್ನೇ ದಿಟ್ಟಿಸಿ ನೋಡಿದಳು. ನಾನು ಗುಂಡಿ ಒತ್ತಿದೆ.

ಹೊಸಪೇಟೆಯ ಸ್ಟುಡಿಯೊದಲ್ಲಿ ತೊಳೆಸಿದ ಚಿತ್ರ ಚೊಕ್ಕವಾಗಿ ಬಂದಿತ್ತು. ಒಂದೊಂದು ರೆಪ್ಪೆಗೂದಲನ್ನೂ ಎಣಿಸಬಹುದಿತ್ತು. ಅವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು, ತಿರುಗಿಸಿ ಬೆನ್ನೂ ನೋಡಿದಳು. "ಕಣ್ಣು ನೆಟ್ಟಗದಾವ. ಕಳ್ಳನ್ನ ನೋಡಿದಂಗ ಯಾಕ ನೋಡ್ಯಾಳ?" ಎಂದಳು. ಎದುರಿಗೆ ಇದ್ದವನು ನಾನೇ. ಶಿವಪ್ಪನಂತೂ ಚಿತ್ರವನ್ನು ತಿರುಗಿ ಕೊಡಲೇ ಇಲ್ಲ. ಒಪ್ಪಿಗೆ ಎಂದು ಹೇಳಿ ಕಳಿಸಿದೆವು.

ವಾರ ಕಳೆಯುವುದರೊಳಗೆ ನೀಲಮ್ಮನ ಅಪ್ಪ ತಾನೇ ಕೊಪ್ಪಳಕ್ಕೆ ಬಂದ. ಚಹಾದ ಬಟ್ಟಲು ಬದಿಗಿಟ್ಟು ಮಾತು ಎತ್ತಿದ.

"ತಪ್ಪು ತಿಳೀಬ್ಯಾಡ್ರಿ ಮಾಸ್ತರ್ರ. ನಮ್ಮವ್ವಗ ಒಂದು ಸಂಶೆ ಬಂದೈತಿ. ನೀವು ಅವತ್ತ ಹೊತ್ತೆಲ್ಲಾ ಎಡಗಣ್ಣು ಮುಚ್ಚಿಕೊಂಡಿದ್ರಿ. ಆ ಕಣ್ಣು ಕಾಣತೈತೋ ಇಲ್ಲೋ, ಮನಿತನದ ಬ್ಯಾನಿ ಏನರ ಐತೋ ಅಂತ ಕೇಳ್ಯಾಳ."

ನಾನು ಎರಡೂ ಕಣ್ಣು ಬಿಟ್ಟು ಅವನ ಎದುರಿಗೇ ಕೂತಿದ್ದೆ. ಅಷ್ಟು ಸಾಲದು, ಅಜ್ಜಿ ತಾನೇ ನೋಡಬೇಕಂತೆ. ತಮ್ಮನ ಲಗ್ನದ ಮಾತು. ಮರುದಿನವೇ ಅವ್ವ ನನ್ನನ್ನು ಬಸ್ಸಿಗೆ ಹತ್ತಿಸಿದಳು.

ಅಜ್ಜಿ ನನ್ನನ್ನು ಅದೇ ಅಂಗಳದಲ್ಲಿ, ಅದೇ ಕುರ್ಚಿಯ ಮೇಲೆ ಕೂರಿಸಿದಳು. ತನ್ನ ಅಂಗೈಯಿಂದ ನನ್ನ ಬಲಗಣ್ಣು ಮುಚ್ಚಿ, ಇನ್ನೊಂದು ಕೈ ಮುಂದೆ ಹಿಡಿದಳು.

"ಇದೇನು ತಮ್ಮಾ?"

"ಅಡಿಕಿ ಬೇ."

"ಇಡೀದೋ, ಹೋಳೋ?"

"ಹೋಳು."

"ಕಣ್ಣು ಅದಾವ," ಎಂದು ಅಜ್ಜಿ ಒಳಗಿನವರಿಗೆ ಕೇಳುವಂತೆ ಹೇಳಿದಳು. ನಾನು ಉಸಿರು ಬಿಟ್ಟು ಏಳಬೇಕೆನ್ನುವಷ್ಟರಲ್ಲಿ ಬಾಗಿಲ ಮರೆಯಿಂದ ನೀಲಮ್ಮನ ಧ್ವನಿ ಬಂತು.

"ಹೋಳು ಅಂತ ಅಂದಾಜಿನ ಮ್ಯಾಲೆ ಹೇಳಿರಬೇಕು. ಇನ್ನೊಂದಿಷ್ಟು ದೂರ ನಿಂತು ಕೇಳು ಆಯಿ."

ಅಜ್ಜಿ ಹಿಂದಕ್ಕೆ ಸರಿದಳು. ನಾನು ರೆಪ್ಪೆ ಬಡಿಯಲೂ ಅಂಜಿ, ಎಡಗಣ್ಣನ್ನು ಇದ್ದಷ್ಟೂ ಅಗಲಿಸಿಕೊಂಡು, ಸಂಜೆಯ ಬಸ್ಸಿನ ಹೊತ್ತಾಗುವವರೆಗೂ ಅಲ್ಲೇ ಕೂತಿದ್ದೆ.