ದರ್ಜಿಯ ದೋಣಿಯ ತಪಾಸಣೆ

ದೋಣಿ ಕಚೇರಿಯವರು ಕೊಟ್ಟ ಚೀಟಿಯನ್ನು ದರ್ಜಿ ಮನಸ್ಸಿನಲ್ಲೇ ಓದಿಕೊಂಡಿದ್ದರೆ ಸಾಕಿತ್ತು. ಕೆರೆಯ ದಡದಲ್ಲಿ ನಿಂತು ಗಟ್ಟಿಯಾಗಿ ಓದಿದ.

"ಲೈಫ್ ಜಾಕೆಟ್ ಎರಡು, ನೀರು ಮೊಗೆಯೋಕೆ ಬಕೆಟ್, ಆಪತ್ತಲ್ಲಿ ಜನರನ್ನ ಕರೆಯೋಕೆ ಸೀಟಿ, ಕನ್ನಡಿ, ಕಿತ್ತಳೆ ಹೊಗೆ ಬಿಡೋ ಡಬ್ಬಿ ಎರಡು."

ಎಲ್ಲವನ್ನೂ ತಂದು ತನ್ನ ಪುಟ್ಟ ದೋಣಿಯಲ್ಲಿಟ್ಟಿದ್ದ. ಕಚೇರಿಯ ಸಾಹೇಬರು ಬಂದು ನೋಡಿ ಸಹಿ ಹಾಕಿದರೆ ಹೆಂಡತಿಯನ್ನು ಕೂರಿಸಿಕೊಂಡು ಒಂದು ಸುತ್ತು. ಮದುವೆಯಾದ ಹೊಸತರಲ್ಲಿ ಕೊಟ್ಟ ಮಾತು ಅದು. ಇಂದು ಅವಳಿಗೆ ಅರವತ್ತು ತುಂಬಿತ್ತು. ಬೆಳಗಿನಿಂದ ಕೊಡೆ ಹಿಡಿದು ತಯಾರಾಗಿ ಕೂತಿದ್ದಳು.

"ತಂದಿದ್ದೇನೋ ಸರಿ, ಕೆಲಸ ಮಾಡುತ್ತಾ?" ಎಂದರು ಪಕ್ಕದ ಮನೆಯ ಮೇಷ್ಟ್ರು. ಪಾಪ, ಸಹಾಯಕ್ಕೆಂದೇ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿದ್ದರು. ಸೀಟಿ ಊದಿದರು. ಊರಿನ ನಾಯಿಗಳೆಲ್ಲ ಸಭೆ ಸೇರಿದವು.

ಎದುರು ಅಂಗಡಿಯ ಕ್ಷೌರಿಕ ಕನ್ನಡಿಯನ್ನು ಬಿಸಿಲಿಗೆ ಹಿಡಿದ. ಬೆಳಕು ಕಣ್ಣಿಗೆ ಬಡಿದು ಸೈಕಲ್ಲಿನವನೊಬ್ಬ ಬೇಲಿಗೆ ನುಗ್ಗಿದ. ಕ್ಷೌರಿಕನೇ ಓಡಿ ಎಬ್ಬಿಸಿ, ಮೈಮೇಲಿನ ಮಣ್ಣು ಕೊಡವಿ ಬಂದ.

"ಡಬ್ಬಿ ತೇವ ಆಗಿದ್ರೆ ಏನು ಗತಿ? ಹಚ್ಚಿ ನೋಡೇಬಿಡೋಣ" ಎಂದರು ಮೇಷ್ಟ್ರು.

ಒಂದು ಹತ್ತಿತು.

"ಇನ್ನೊಂದು ಏನು ಪಾಪ ಮಾಡಿತ್ತು?" ಎಂದ ಕ್ಷೌರಿಕ.

ಅದೂ ಹತ್ತಿತು. ಹೊಗೆ ಮದುವೆ ಚಪ್ಪರದಂತೆ ಕೆರೆಯನ್ನೇ ಮುಚ್ಚಿತು. ಅದನ್ನು ಸೀಳಿಕೊಂಡು ರಕ್ಷಣಾ ದೋಣಿ ಬಂತು. ಅದರಲ್ಲಿ, ಅರ್ಧ ಕಾಫಿ ಬಿಟ್ಟೆದ್ದ ಸಾಹೇಬರು!

"ಯಾರ್ರೀ ಮುಳುಗಿದ್ದು?"

"ಯಾರೂ ಇಲ್ಲ ಸಾರ್. ಎಲ್ಲಾ ಸರಿಯಾಗಿದೆಯಾ ಅಂತ ನೋಡ್ತಿದ್ವಿ" ಎಂದ ದರ್ಜಿ.

ಸಾಹೇಬರು ಡಬ್ಬಿಗಳನ್ನು ಅಲ್ಲಾಡಿಸಿದರು. "ಸರಿಯಾಗಿತ್ತು. ಈಗ ಖಾಲಿ. ಹೊಸದು ತನ್ನಿ, ಮುಂದಿನ ವಾರ ಬರ್ತೀನಿ."

ದರ್ಜಿಯ ಹೆಂಡತಿ ಕೊಡೆ ಮಡಚಿದಳು. ಅದನ್ನು ಕಂಡು ಸಾಹೇಬರ ದನಿ ಇಳಿಯಿತು. "ಬನ್ನಿ ಅಮ್ಮಾ, ನಮ್ಮ ದೋಣೀಲೇ ಒಂದು ಸುತ್ತು ಹಾಕಿಸ್ತೀನಿ. ಐದು ಗಂಟೆಗೆ ಕಚೇರಿ ಮುಚ್ಚಬೇಕು, ಇನ್ನೂ ಹತ್ತು ನಿಮಿಷ ಇದೆ. ಜಾಗ ಮಾತ್ರ ಒಬ್ಬರಿಗೇ, ದರ್ಜಿಯವರೇ."

ದೋಣಿ ಹೊರಟಿತು. ಅವಳು ತಿರುಗಿ ಎಳೆ ಹುಡುಗಿಯಂತೆ ನಕ್ಕಳು. ದರ್ಜಿಗೆ ಎದೆ ತುಂಬಿ ಬಂತು. ಎರಡೂ ಕೈ ಚಾಚಿ, ಹದ್ದು ರೆಕ್ಕೆ ಬಡಿದಂತೆ ಮೇಲೆ ಕೆಳಗೆ ಆಡಿಸುತ್ತ ನಿಂತ.

ಕೆರೆಯ ನಡು ಮುಟ್ಟುವ ಮೊದಲೇ ದೋಣಿ ಗಿರ್ರನೆ ತಿರುಗಿ ದಡಕ್ಕೆ ಧಾವಿಸಿತು.

"ಈಗ ಯಾರ್ರೀ?" ಸಾಹೇಬರು ಏದುಸಿರು ಬಿಡುತ್ತ ಹಾರಿದರು.

"ಯಾರೂ ಇಲ್ಲ ಸಾರ್... ಟಾಟಾ ಮಾಡ್ದೆ."

"ಹಾಗೆ ಕೈ ಆಡಿಸಿದ್ರೆ 'ಕಾಪಾಡಿ' ಅಂತ ಅರ್ಥ ಕಣ್ರೀ!" ಸಾಹೇಬರು ಗಡಿಯಾರ ನೋಡಿದರು. "ಐದಾಯ್ತು. ಇಳೀರಮ್ಮಾ, ದೋಣಿ ಕಟ್ಟಬೇಕು."

ಅವಳು ಇಳಿದು ಕೊಡೆ ಬಿಚ್ಚಿದಳು.

"ಇಷ್ಟು ವರ್ಷ ಕೈಕಟ್ಟಿ ಕೂತಿದ್ರಲ್ಲ, ಇನ್ನೊಂದೈದು ನಿಮಿಷ ಹಾಗೇ ಕೂರೋಕೆ ಏನಾಗಿತ್ತು ನಿಮಗೆ?"