ಮರಳುಗಾಡಿನ ಗಿಡಕ್ಕೆ ಸ್ಯಾಟಿನ್ ಹೂವು

"ಹೊಲಿಗೆ ಯಂತ್ರವನ್ನೇ ಪಳಗಿಸಿದವನಿಗೆ ಒಂದು ಗಿಡ ಯಾವ ಲೆಕ್ಕ? ನೀವು ನಿಶ್ಚಿಂತೆಯಿಂದ ಹೋಗಿಬನ್ನಿ ಮಾವ!" ಎಂದು ಎದೆ ತಟ್ಟಿಕೊಂಡೆ.

ಕಣ್ಣಿನ ಪೊರೆ ತೆಗೆಸಿಕೊಂಡು, ಮಗನ ಮನೆಯಲ್ಲಿ ಸುಧಾರಿಸಿಕೊಂಡು ಬರಲು ಹೊರಟಿದ್ದ ಮಾವನವರು ಕುಂಡವನ್ನೇ ನೋಡುತ್ತ ನಿಂತಿದ್ದರು. ತಮ್ಮ ಮರಳು ನೆಲದ ಊರು ಬಿಟ್ಟು ನಮ್ಮಲ್ಲಿಗೆ ಬರುವಾಗ ಅವರು ತಂದದ್ದು ಅದೊಂದನ್ನೇ: ಕೆಂಪು ಹೂ ಬಿಡುವ ಮರಳುಗಾಡಿನ ಪೊದೆಗಿಡ. ನಾನು ದರ್ಜಿ. ನನ್ನ ಹೊಲಿಗೆ ಯಂತ್ರ ಅವರೇ ಕೊಡಿಸಿದ್ದು. ನಮ್ಮ ಒಲೆ ಉರಿಯುವುದು ಅವರ ಪುಣ್ಯದಿಂದ. ಅಂಥವರ ಗಿಡಕ್ಕೆ ಉಪಚಾರದಲ್ಲಿ ಕೊರತೆಯಾದೀತೇ?

ಬೆಳಿಗ್ಗೆ ಚೊಂಬು, ಸಂಜೆ ಚೊಂಬು ನೀರು ಸುರಿದೆ. ಎಲೆ ಹಳದಿಯಾಯಿತು. ಪಾಪ, ಬಾಯಾರಿರಬೇಕೆಂದು ಮತ್ತೂ ಸುರಿದೆ. ಎಲೆ, ಹೂ ಎಲ್ಲ ಉದುರಿ ಕಡ್ಡಿಗಳಷ್ಟೇ ಉಳಿದವು!

"ಏನ್ರೀ, ಮರಳುಗಾಡಿನ ಗಿಡಕ್ಕೆ ಈಜು ಕಲಿಸ್ತಿದ್ದೀರಾ?" ಎಂದಳು ಹೆಂಡತಿ.

ಮಣ್ಣು ಒಣಗಲೆಂದು ಇಸ್ತ್ರಿಪೆಟ್ಟಿಗೆ ಹಿಡಿದೆ. ಹಬೆ ಬಂತು, ಒಂದು ಕಡ್ಡಿಯ ತುದಿಯೂ ಸುಟ್ಟಿತು! ಮಾವ ಬರುವ ದಿನ ಬಂದೇಬಿಟ್ಟಿತು. ಕೊನೆಗೆ ಕಲಿತ ವಿದ್ಯೆಯ ಮೊರೆಹೊಕ್ಕೆ. ಹಸಿರು ಸ್ಯಾಟಿನ್ ಚೂರುಗಳಲ್ಲಿ ಎಲೆ, ಕೆಂಪು ಚೂರುಗಳಲ್ಲಿ ಹೂ ಕತ್ತರಿಸಿ, ಅಂಚು ಮಡಚಿ ಹೊಲಿದು, ಕಡ್ಡಿಗಳಿಗೆ ಕಟ್ಟಿದೆ.

"ಅಪ್ಪಂಗೆ ಗೊತ್ತಾಗಲ್ವಾ?"

"ಅವರಿಗೆ ಕಣ್ಣು ಮಂಜು ಕಣೇ! ಕೆಂಪಗೆ ಕಂಡ್ರೆ ಸಾಕು."

"ಆ ಮಂಜು ತೆಗೆಸೋಕೇ ಅಲ್ವೇನ್ರೀ ಅವರು ಹೋಗಿರೋದು!"

ಸೂಜಿ ಬೆರಳಿಗೆ ಚುಚ್ಚಿತು. ಅದೇ ಹೊತ್ತಿಗೆ ಬಾಗಿಲ ಗಂಟೆಯೂ ಬಡಿಯಿತು!

ಮಾವ ಕಪ್ಪು ಕನ್ನಡಕ ತೆಗೆದು ನೇರ ಗಿಡದ ಬಳಿ ಹೋದರು. ಹೂವನ್ನು ಮುಟ್ಟಿದರು. ತಿರುಗಿಸಿ ನೋಡಿದರು.

"ತಪ್ಪಾಯ್ತು ಮಾವ, ನೀರು ಹಾಕಿ ಹಾಕಿ ಕೊಂದ್ಬಿಟ್ಟೆ."

ಅವರು ಕಡ್ಡಿಯೊಂದನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರು!

"ಜೀವ ಇದೆ. ಸ್ವಲ್ಪ ದಿನ ಅದರ ಪಾಡಿಗೆ ಬಿಡಿ, ಚಿಗುರುತ್ತೆ. ನನ್ನ ಮನಸ್ಸು ನೋಯಬಾರ್ದು ಅಂತ ಇಷ್ಟೆಲ್ಲ ಕಷ್ಟಪಟ್ರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ನನ್ನ ಕಣ್ಣೇ ತುಂಬಿಬಂತು. ಇಂಥ ಮಾವನನ್ನು ಪಡೆದ ನಾನೇ ಭಾಗ್ಯವಂತನೆಂದು ಮನಸಾರೆ ಕೈಮುಗಿದೆ.

ಮಾವ ಸ್ಯಾಟಿನ್ ಹೂವಿನ ಅಂಚನ್ನು ಹೊಸ ಕಣ್ಣಿನಿಂದ ಮತ್ತೊಮ್ಮೆ ಪರೀಕ್ಷಿಸಿದರು.

"ಅಚ್ಚುಕಟ್ಟಾದ ಕೆಲಸ! ಅಳಿಯಂದಿರೇ, ಗಿಡದ ಬಟ್ಟೆ ಹೇಳಿದ ದಿನಕ್ಕೆ ತಯಾರಾಗಿದೆ. ಹೋದ ವರ್ಷ ನಾನು ಹೊಲಿಯೋಕೆ ಕೊಟ್ಟ ಅಂಗಿ ಯಾವಾಗ ಸಿಗುತ್ತೆ?"