ತೋಳಿಗೆ ಬಿಲ್ಲೆ, ಓಣಿಗೆ ಗಂಟೆ

ಯಾರ ಮನೆಗೆ ಹೊಸ ಯಂತ್ರ ಬಂದರೂ ನಮ್ಮ ಓಣಿಯವರು ಅದನ್ನು ಎಲ್ಲರೂ ಸೇರಿಯೇ ಬಳಸುತ್ತಾರೆ. ಹಾಗಾಗಿ ಯಲಬುರ್ಗಾದ ಈ ಓಣಿಯಲ್ಲಿ ನಗುವಿಗೆ ಎಂದೂ ಬರವಿಲ್ಲ.

ನಾನು ಹುಟ್ಟಿದ್ದು ನಂಜನಗೂಡಿನ ಕಡೆ; ತಮ್ಮ ಈಗಲೂ ಅಲ್ಲೇ ಇದ್ದಾನೆ. ಶಾಲೆಯಲ್ಲಿ ಕಲಿಸಲು ಬಂದು, ಇಲ್ಲಿಯವರು ಟೀಚರಿಗೆ ಹೇಳುವಂತೆ ಎಲ್ಲರ 'ಅಕ್ಕೋರು' ಆದವಳು ನಿವೃತ್ತಳಾದ ಮೇಲೂ ಇಲ್ಲೇ ಉಳಿದೆ. ಮನೆಯಲ್ಲಿ ನಾನೊಬ್ಬಳೇ, ಜೊತೆಗೆ ಸಕ್ಕರೆ ಕಾಯಿಲೆ. ಒಂದೆರಡು ಸಲ ಸಕ್ಕರೆ ಇಳಿದು ತಲೆತಿರುಗಿ ಬಿದ್ದಾಗ ಕೊಪ್ಪಳದ ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು: "ಇನ್ನ ಒಬ್ಬರ ಇರಬ್ಯಾಡ್ರಿ. ತಮ್ಮನ ಮನಿಗೆ ಹೋಗ್ರಿ."

ನನಗೆ ಈ ಊರು ಬಿಡಲು ಮನಸ್ಸಿಲ್ಲ. ಕೊನೆಗೆ "ಒಂದು ತಿಂಗಳು ನೋಡೂಣು" ಎಂದು ತೋಳಿಗೆ ನಾಣ್ಯದಂಥ ಒಂದು ಬಿಲ್ಲೆ ಅಂಟಿಸಿದರು. ಅದು ಸಕ್ಕರೆಯನ್ನು ಅಳೆದು ನನ್ನ ಫೋನಿಗೂ ಅವರ ಫೋನಿಗೂ ತಿಳಿಸುತ್ತದೆ. ಏರಿದರೂ ಇಳಿದರೂ ಫೋನು ಒಂದೇ ಸಮನೆ ಕೂಗುತ್ತದೆ.

ಫೋನಿನಲ್ಲಿ ಬಂದ ಅತಿಥಿ

ಡಾಕ್ಟರು ಮೊದಲ ಸಲ ವೀಡಿಯೋ ಕಾಲ್ ಮಾಡಿದಾಗ ಎದುರು ಮನೆಯ ರೊಟ್ಟಿ ಮಾರುವಾಕೆ ಬಂದಳು. ಪರದೆ ನೋಡಿದವಳೇ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಅಯ್ಯ, ಡಾಕ್ಟ್ರು ಬಂದಾರ! ಚಹಾ ಕೊಟ್ಟೀರೇನ ಅಕ್ಕೋರ?"

ತಾನೇ ಚಹಾ ಮಾಡಿ ಫೋನಿನ ಮುಂದೆ ಇಟ್ಟಳು. "ಕುಡದಂಗ ಆತವ್ವಾ" ಎಂದು ಡಾಕ್ಟರು ನಕ್ಕರು. ಅಷ್ಟಕ್ಕೇ ಆಕೆ ಧೈರ್ಯ ತಂದುಕೊಂಡು ತನ್ನ ಮೊಣಕಾಲು ತೋರಿಸಿದಳು. ಸುದ್ದಿ ಹಬ್ಬಿ, ಓಣಿಯವರು ಒಬ್ಬೊಬ್ಬರಾಗಿ ಬಂದು ನಾಲಗೆ ಚಾಚತೊಡಗಿದರು. ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು ಬಾಗಿಲಲ್ಲಿ ನಿಂತು, "ಒಳಗ ಸರೀರಿ, ಒಳಗ ಜಾಗ ಐತಿ!" ಎಂದು ಕೂಗುತ್ತಿದ್ದರು.

ಬಹಳ ಹೊತ್ತಿನ ಮೇಲೆ ಡಾಕ್ಟರು ಕೇಳಿದರು: "ಖರೆ, ನನ್ನ ಪೇಶಂಟ್ ಎಲ್ಲಿ ಅದಾರ?"

ಬಂದವರಿಗೆಲ್ಲ ಚಹಾ ಬೇಕಲ್ಲ, ನಾನು ಅಡುಗೆಮನೆಯಲ್ಲಿದ್ದೆ.

ಮುಚ್ಚಿದ ಕಣ್ಣು

ಕಂಡಕ್ಟರ ಮಗಳ ಕುಬಸದ ಊಟ. ನಮ್ಮೂರ ಕಡೆ ಬಸುರಿಗೆ ಮಾಡುವ ಸೀಮಂತಕ್ಕೆ ಇಲ್ಲಿ ಕುಬಸ ಎನ್ನುತ್ತಾರೆ. ಎಲೆಗೆ ಹೋಳಿಗೆ ಬಿತ್ತು. ಬೇಡವೆಂದೆ, ಬಿಲ್ಲೆ ತೋರಿಸಿದೆ. ರೊಟ್ಟಿಯಾಕೆ ಒಂದು ಟವೆಲ್ಲು ತಂದು ನನ್ನ ತೋಳಿಗೆ ಬಿಗಿಯಾಗಿ ಸುತ್ತಿದಳು.

"ಈಗ ತಿನ್ರಿ ಅಕ್ಕೋರ. ಅದಕ್ಕ ಕಾಣೂದಿಲ್ಲ."

ಅಷ್ಟು ಪ್ರೀತಿಯಿಂದ ಸುತ್ತಿದ ಮೇಲೆ ಹೇಗೆ ಬೇಡ ಎನ್ನಲಿ? ತಿಂದೆ. ಎಲೆ ಎತ್ತಿ, ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಫೋನು ಚೀರಿತು. ರೊಟ್ಟಿಯಾಕೆ ಹಣೆ ಬಡಿದುಕೊಂಡಳು: "ಕಣ್ಣು ಮುಚ್ಚಿದ್ನಿ ಖರೆ, ತುಪ್ಪದ ವಾಸನಿ ಹೊಡದಿರಬೇಕು ನೋಡ್ರಿ!"

ಎರಡನೆಯ ಗಂಟೆ

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಮಾತ್ರೆ ನುಂಗಿ, ಊಟ ಮರೆತು ಮಲಗಿಬಿಟ್ಟೆ. ಫೋನು ಕೂಗಿದ್ದು ನನಗೆ ಕೇಳಿಸಲಿಲ್ಲ, ಓಣಿಗೆ ಕೇಳಿಸಿತು. ಕಣ್ಣು ಬಿಟ್ಟಾಗ ಮೈಯೆಲ್ಲ ಬೆವರು, ಬಾಯಲ್ಲಿ ಬೆಲ್ಲ, ನನ್ನ ತಲೆ ರೊಟ್ಟಿಯಾಕೆಯ ತೊಡೆಯ ಮೇಲೆ. ಅವಳ ಕಣ್ಣಲ್ಲಿ ನೀರು.

ಆ ಬೆಲ್ಲವೇ ಸಾಕಿತ್ತು. ಆದರೆ ಹಿಂದೆಯೇ ಕಂಡಕ್ಟರು ಶರಬತ್ತು ಹಿಡಿದು ಬಂದರು. ಕಿರಾಣಿ ಅಂಗಡಿಯವರು ಮೈಸೂರು ಪಾಕು ತಂದು, "ನಿಮ್ಮ ಕಡೇದ ಅಕ್ಕೋರ, ಇದು ಲಗೂನ ಹತ್ತತೈತಿ" ಎಂದು ಬಾಯಿಗಿಟ್ಟರು. ಸ್ವಲ್ಪ ಹೊತ್ತಿಗೆ ಫೋನು ಮತ್ತೆ ಕೂಗಿತು. ಈ ಸಲ ಸಕ್ಕರೆ ಏರಿದ್ದಕ್ಕೆ.

"ಅಯ್ಯಯ್ಯ, ಇನ್ನೂ ಇಳ್ಯಾಕತ್ತೈತಿ! ಹಾಕ್ರಿ, ಹಾಕ್ರಿ!" ಎಂದು ಕಂಡಕ್ಟರು ಕೂಗಿದರು.

ಬಾಯಿ ತುಂಬಿದ್ದರಿಂದ ನನಗೆ ಬೇಡ ಎನ್ನಲೂ ಆಗಲಿಲ್ಲ. ಅಷ್ಟರಲ್ಲಿ ಡಾಕ್ಟರ ಕಾಲ್ ಬಂತು. "ಅಕ್ಕೋರ, ಪಾತಾಳದಾಗ ಇದ್ದದ್ದು ಆಕಾಶಕ್ಕ ಏರೈತಿ! ಏನ್ ತಿಂದ್ರಿ?"

ಬೆಲ್ಲ, ಶರಬತ್ತು, ಪಾಕು ಎಂದು ಎಲ್ಲರೂ ಒಟ್ಟಿಗೇ ಉತ್ತರಿಸಿದರು.

"ಮನಿಯಾಗ ಎಷ್ಟು ಮಂದಿ ಅದೀರಿ?"

ಕಂಡಕ್ಟರು ಸುತ್ತ ನೋಡಿದರು. "ಸೀಟ್ ಎಲ್ಲಾ ಫುಲ್ ರೀ, ನಿಂತೋರೂ ಅದಾರ."

ಕೊನೆಯ ತುತ್ತು ನುಂಗಿ ಅಳುಕುತ್ತ ಕೇಳಿದೆ: "ಡಾಕ್ಟ್ರೇ, ನಾನು ಊರು ಬಿಡಲೇಬೇಕಾ?"

"ಎಲ್ಲಿಗೂ ಹೋಗಬ್ಯಾಡ್ರಿ. ಇಷ್ಟು ಮಂದಿನ ನಿಮ್ಮ ತಮ್ಮ ಎಲ್ಲಿಂದ ತರ್ತಾರ? ಆದ್ರ ಮುಂದಿನ ಸಲ ಗಂಟಿ ಹೊಡದ್ರ ಎಲ್ಲಾರೂ ತಿನಸಬ್ಯಾಡ್ರಿ, ಒಬ್ಬರ ಬರ್ರಿ."

ನನ್ನ ಕಣ್ಣು ತುಂಬಿತು. ರೊಟ್ಟಿಯಾಕೆ ಫೋನು ಕಸಿದುಕೊಂಡಳು.

"ಆತ್ರೀ ಡಾಕ್ಟ್ರ. ಅವತ್ತಿನ ಚಹಾ ಕುಡೀಲಿಲ್ಲ ನೀವು, ಒಮ್ಮೆ ಖುದ್ದ ಬರ್ರಿ. ಆದ್ರ ಸಕ್ಕರಿ ಕೇಳಬ್ಯಾಡ್ರಿ. ಓಣ್ಯಾಗಿನ ಸಕ್ಕರಿ ಎಲ್ಲಾ ಅಕ್ಕೋರ ಹೊಟ್ಟ್ಯಾಗ ಐತಿ!"